ಈಸೂರಿನ ಸರ್ಕಾರ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಈಸೂರು ಎಂಬ ಹಳ್ಳಿಯಿದೆ. 1942ರಲ್ಲಿ ಈ ಹಳ್ಳಿಯ ಜನರು ತಮ್ಮ ಊರು ಸ್ವತಂತ್ರವಾಯಿತೆಂದು ಸಾರಿ, ತಮ್ಮದೇ ಸರ್ಕಾರವನ್ನು ರಚಿಸಿಕೊಂಡರು. ಜನರು ದಂಗೆಯೆದ್ದು ಗಣರಾಜ್ಯ ಸ್ಥಾಪಿಸಿದ ನಿದರ್ಶನಗಳು ಚರಿತ್ರೆಯಲ್ಲಿ ಇಲ್ಲದಿಲ್ಲ. ಮೆಕ್ಸಿಕೋ ದೇಶಕ್ಕೆ ಸೇರಿದ್ದ ಟೆಕ್ಸಸ್ ಪ್ರಾಂತದಲ್ಲಿ ವಲಸೆ ಬಂದು ನೆಲಸಿದ್ದವರು 1836ರಲ್ಲಿ ಹಾಗೆ ಮಾಡಿದರು. ಆದರೆ ಅವರಿಗೆ ಬಂದೂಕುಗಳಿದ್ದವು, ಸೈನ್ಯವಿತ್ತು. ಗುಲಾಮರನ್ನು ಇಟ್ಟುಕೊಳ್ಳುವ ಹಕ್ಕೂ ಅವರಿಗೆ ಬೇಕಾಗಿತ್ತು. ಈಸೂರಿನವರ ಬಳಿ ಇದ್ದುದು ಖಾದಿಯ ಟೋಪಿ ಮತ್ತು ತ್ರಿವರ್ಣ ಧ್ವಜ.

1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ಕಾಂಗ್ರೆಸ್ಸು 'ಭಾರತ ಬಿಟ್ಟು ತೊಲಗಿ' ನಿರ್ಣಯವನ್ನು ಅಂಗೀಕರಿಸಿತು. ಮರುದಿನ ಬೆಳಗಾಗುವಷ್ಟರಲ್ಲಿ ಗಾಂಧೀಜಿ ಮೊದಲಾದ ನಾಯಕರು ಬಂಧಿತರಾದರು. ನಾಯಕರಿಲ್ಲದ ಹೋರಾಟವನ್ನು ಹಳ್ಳಿಗಳೇ ಕೈಗೆತ್ತಿಕೊಂಡವು. ಈಸೂರು ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಆಳುವವರು ಮಹಾರಾಜರಾದರೂ ಅವರ ಮೇಲೆ ಬ್ರಿಟಿಷರ ಅಧಿಕಾರವಿತ್ತು. ಊರಿನವರು ಕಂದಾಯ ಕೊಡುವುದಿಲ್ಲವೆಂದರು. ವೀರಭದ್ರೇಶ್ವರ ದೇವಾಲಯದ ಮೇಲೆ ಧ್ವಜ ಹಾರಿತು. ಅಪ್ಪಣೆಯಿಲ್ಲದೆ ಸರ್ಕಾರಿ ಅಧಿಕಾರಿಗಳು ಊರೊಳಗೆ ಬರಕೂಡದೆಂದು ಫಲಕ ಹಾಕಿದರು. ಇಬ್ಬರು ಹುಡುಗರನ್ನು ಆರಿಸಿ, ಒಬ್ಬನನ್ನು ಅಮಲ್ದಾರನನ್ನಾಗಿಯೂ ಇನ್ನೊಬ್ಬನನ್ನು ಸಬ್ ಇನ್‌ಸ್ಪೆಕ್ಟರನನ್ನಾಗಿಯೂ ನೇಮಿಸಿದರು. ಇದು ಮಕ್ಕಳಾಟದಂತೆ ಕಂಡೀತು. ಆದರೆ ಎಳೆಯರನ್ನು ಸೆರೆಮನೆಗೆ ತಳ್ಳಲು ಕಾನೂನು ಹಿಂಜರಿಯುವುದೆಂಬ ಜಾಣ ಎಣಿಕೆ ಅದರ ಹಿಂದೆ ಇತ್ತೆಂದು ಹೇಳುತ್ತಾರೆ. 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂಬುದು ಅವರ ಘೋಷಣೆ. 'ಏಸೂರು' ಎಂದರೆ ಎಷ್ಟು ಊರು. ಒಂದಕ್ಷರದ ವ್ಯತ್ಯಾಸದಲ್ಲಿ ಹಳ್ಳಿಗರ ಮಾತಿನ ಚಮತ್ಕಾರವಿದೆ.

ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಪೊಲೀಸರೊಡನೆ ಊರಿಗೆ ಬಂದರು. ಖಾದಿ ಟೋಪಿ ಧರಿಸಬೇಕೆಂದು ಜನರು ಪಟ್ಟುಹಿಡಿದರು. ಮಾತಿಗೆ ಮಾತು ಬೆಳೆದು ಘರ್ಷಣೆಯಾಯಿತು. ಉದ್ರಿಕ್ತ ಜನರ ಹೊಡೆತಕ್ಕೆ ಇಬ್ಬರು ಅಧಿಕಾರಿಗಳೂ ಬಲಿಯಾದರು. ಅವರೂ ಈ ನಾಡಿನವರೇ, ಕೆಲಸದ ಮೇಲೆ ಬಂದವರು. ಅಹಿಂಸೆಯ ಹೆಸರಿನಲ್ಲಿ ಆರಂಭವಾದ ಹೋರಾಟಕ್ಕೆ ಇದು ಒಪ್ಪುವ ಘಟನೆಯಲ್ಲ. ಅದನ್ನು ಮುಚ್ಚಿಡುವುದೂ ಸರಿಯಲ್ಲ.

ಸರ್ಕಾರದ ಸೇಡು ಘೋರವಾಗಿತ್ತು. ಪಡೆಗಳು ಊರಿಗೆ ನುಗ್ಗಿ ಮನೆಗಳನ್ನು ಸೂರೆಮಾಡಿದವು, ಬೆಂಕಿಯಿಟ್ಟವು. ಜನರು ಮಕ್ಕಳುಮರಿಗಳೊಡನೆ ಕಾಡು ಸೇರಿದರು. ಬಳಿಕ ವಿಚಾರಣೆ ನಡೆದು ಹಲವರಿಗೆ ಜೀವಾವಧಿ ಶಿಕ್ಷೆಯಾಯಿತು. ಅವರಲ್ಲಿ ಮಹಿಳೆಯರೂ ಇದ್ದರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು 1943ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು.