ಕಾಂಕ್ರೀಟಿನ ಆಯುಷ್ಯವೂ ಕಲಸುವ ನೀರೂ

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಗೆ ಕಲ್ಲಿನ ಬಡತನವೆಂಬುದಿಲ್ಲ. ದೇಶಾಂತರಗಳಿಗೆ ರಫ್ತಾಗುವ ಇಲ್ಲಿನ ಕರಿಕಲ್ಲಾಗಲಿ, ಬಂಡೆಯನ್ನೊಡೆದು ಮಾಡಿದ ಜಲ್ಲಿಯಾಗಲಿ ಗೊಬ್ಬರ ಗಂಜಲಗಳ ಕ್ಷಾರಾಮ್ಲಗಳಿಗೆ ಸುಲಭವಾಗಿ ಮಣಿಯುವ ಜಾತಿಯದಲ್ಲ. ಆದರೂ ಅಂತಹ ಜಲ್ಲಿಯನ್ನೇ ಹಾಕಿ ಕಟ್ಟಿದ ಕೊಟ್ಟಿಗೆಯ ನೆಲವೂ ಅರಿಸಿನದ ಹೊಲಕ್ಕೆಂದು ತಂದ ರಸಗೊಬ್ಬರದ ಮೂಟೆಗಳನ್ನೊಟ್ಟುವ ಕೋಣೆಯ ನೆಲವೂ ಕೆಲವೇ ವರ್ಷಗಳಲ್ಲಿ ಹುಡಿಯೇಳುವುದುಂಟು. ಇದರಲ್ಲಿ ಜಲ್ಲಿ ನಿರಪರಾಧಿ. ಸವೆಯುವುದು ಅದನ್ನು ಹಿಡಿದಿಟ್ಟ ಸಿಮೆಂಟು.

ಸಿಮೆಂಟು ಗಟ್ಟಿಯಾಗುವುದು ನೀರಿನೊಡನೆ ರಾಸಾಯನಿಕ ಸಂಯೋಗ ಹೊಂದುವುದರಿಂದ. ಈ ಸಂಯೋಗಕ್ಕೆ ಸಿಮೆಂಟಿನ ತೂಕದ ಕಾಲು ಭಾಗಕ್ಕಿಂತ ತುಸು ಕಡಿಮೆ ನೀರು ಸಾಕು. ಅತಿಸೂಕ್ಷ್ಮ ರಂಧ್ರಗಳಲ್ಲಿ ನಿಲ್ಲುವುದನ್ನು ಸೇರಿಸಿದರೂ 50 ಕಿಲೋ ಮೂಟೆಗೆ ಸುಮಾರು 20 ಲೀಟರು. ಬಾಂಡಲಿಯಿಂದ ಸಲೀಸಾಗಿ ಜಾರಲೆಂದೋ, ಧೂಳು ಹೆಚ್ಚಿದ ಎಂ-ಸ್ಯಾಂಡು ಬೇಡಿತೆಂದೋ 35 ಲೀಟರು ಸುರಿದರೆ, ಮಿಕ್ಕ ನೀರು ಆರಿಹೋದ ಮೇಲೆ ಅದರ ಜಾಡು ಒಂದಕ್ಕೊಂದು ಕೂಡಿಕೊಂಡ ನಾಳಗಳಾಗಿ ಉಳಿಯುತ್ತದೆ. ನೀರು ಸಿಮೆಂಟುಗಳ ಈ ಪ್ರಮಾಣವೇ ಬಲವನ್ನು ನಿರ್ಣಯಿಸುವುದೆಂದು ಅಮೆರಿಕದ ಡಫ್ ಏಬ್ರಮ್ಸ್ 1918ರಲ್ಲಿಯೇ ಪ್ರತಿಪಾದಿಸಿದನು. ರಾಸಾಯನಿಕಗಳ ಪ್ರವೇಶಕ್ಕೂ ಅದೇ ದಾರಿ.

ಅಮೋನಿಯಂ ಸಲ್ಫೇಟು ತೇವದಲ್ಲಿ ಕರಗಿ ಈ ನಾಳಗಳೊಳಗೆ ಇಳಿದಾಗ, ಸಿಮೆಂಟಿನಲ್ಲಿ ಉಳಿದಿರುವ ಸುಣ್ಣದೊಡನೆ ವರ್ತಿಸಿ, ಅಮೋನಿಯವು ಅನಿಲವಾಗಿ ಹೊರಟುಹೋಗಲು ಜಿಪ್ಸಂ ಹುಟ್ಟುತ್ತದೆ. ಅದು ಸಿಮೆಂಟಿನ ಅಲ್ಯೂಮಿನೇಟುಗಳೊಡನೆ ಕೂಡಿ ಸೂಜಿಯಾಕಾರದ ಹರಳುಗಳಾಗಿ ಉಬ್ಬಿ, ಕಾಂಕ್ರೀಟನ್ನು ಒಳಗಿನಿಂದಲೇ ಬಿರಿಯಿಸುತ್ತದೆ. ಹುಳಿತ ಮೇವಿನ ಆಮ್ಲವಾದರೋ ಸುಣ್ಣವನ್ನು ನೇರವಾಗಿ ಕರಗಿಸಿಬಿಡುತ್ತದೆ.

ಹಾಗಾದರೆ ಸಿಮೆಂಟನ್ನೇ ಹೆಚ್ಚು ಹಾಕಿದರಾಯಿತೆಂಬವರುಂಟು. ಅದರೊಡನೆ ನೀರನ್ನೂ ಹೆಚ್ಚಿಸಿದರೆ ಆ ಖರ್ಚೆಲ್ಲ ವ್ಯರ್ಥವೆಂದೇ ನನ್ನ ಅಭಿಪ್ರಾಯ. ಸರಳು ಹಾಕಿದ ಕಾಂಕ್ರೀಟಿಗೆ ಭಾರತೀಯ ಮಾನಕ 456 ವಿಧಿಸಿರುವುದೂ ಎರಡನ್ನೂ ಜೊತೆಯಾಗಿಯೇ: ತೀವ್ರ ಪರಿಸರದಲ್ಲಿ ಘನಮೀಟರಿಗೆ ಕನಿಷ್ಠ 320 ಕಿಲೋ ಸಿಮೆಂಟು, ಅದರ ತೂಕದ ನೂರಕ್ಕೆ 45ನ್ನು ಮೀರದಷ್ಟು ನೀರು. ಒದ್ದೆ ಮರಳಿನಲ್ಲಿರುವ ನೀರೂ ಈ ಲೆಕ್ಕಕ್ಕೆ ಸೇರಬೇಕು. ಮೇಸ್ತ್ರಿಗಳು ಇದನ್ನು ಗಣಿಸುವುದು ಅಪರೂಪ.

ಹಾರುಬೂದಿ ಬೆರೆತ ಪೊಜೊಲಾನ ಸಿಮೆಂಟಿನಲ್ಲಿ, ಆ ಬೂದಿಯು ಉಳಿದ ಸುಣ್ಣವನ್ನು ಕಬಳಿಸಿ, ಅದನ್ನೇ ರಂಧ್ರಗಳನ್ನು ತುಂಬುವ ಅಂಟಾಗಿ ಮಾರ್ಪಡಿಸುತ್ತದೆ. ಕನ್ನಂಬಾಡಿ ಕಟ್ಟೆಯ ಸುರ್ಕಿ ಗಾರೆಯಲ್ಲಿ ಸುಟ್ಟ ಇಟ್ಟಿಗೆಯ ಪುಡಿ ಮಾಡಿದ ಕೆಲಸವೂ ಇದೇ. ಈ ಕ್ರಿಯೆ ಬಲು ನಿಧಾನವಾದುದರಿಂದ, ಇಂತಹ ಕಾಂಕ್ರೀಟನ್ನು ಕನಿಷ್ಠ 10 ದಿನ ಒದ್ದೆಯಾಗಿಡಬೇಕು.