ಕಲ್ಲು, ಕಡತ ಮತ್ತು ನೆರೆಯ ನೀರು

ಹರಿಹರಕ್ಕೆ ಹೋದವರೆಲ್ಲರೂ ಹರಿಹರೇಶ್ವರನ ದರ್ಶನ ಮಾಡಿಕೊಂಡು ಬರುತ್ತಾರೆ. ಅಲ್ಲಿನ ಶಿಲಾಶಾಸನಗಳ ಮುಂದೆ ಒಂದು ನಿಮಿಷ ನಿಲ್ಲುವವರು ಮಾತ್ರ ಕಡಮೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ಕ್ರಿ.ಶ. 1224ರಲ್ಲಿ ಈ ಗುಡಿಯನ್ನು ಕಟ್ಟಿಸಿದನೆಂಬುದೂ, ಮುಂದೆ ಸೋಮ ದಂಡನಾಯಕನು 1268ರಲ್ಲಿ ಗೋಪುರವನ್ನು ಸೇರಿಸಿದನೆಂಬುದೂ ನಮಗೆ ತಿಳಿದಿರುವುದು ಆ ಕಲ್ಲುಗಳಿಂದಲೇ. ಸೋಮನಾಥಪುರವನ್ನು ಕಟ್ಟಿಸಿದ ಸೋಮನೂ ಈತನೇ. ತುಂಗಭದ್ರೆಯ ದಡದ ಊರಿನಲ್ಲಿ ಆ ಕಲ್ಲುಗಳು ಏಳೆಂಟು ನೂರು ಮಳೆಗಾಲಗಳನ್ನು ಕಂಡಿವೆ. ಅಕ್ಷರಗಳು ಇನ್ನೂ ಓದಲು ಸಿಕ್ಕುತ್ತವೆ.

ಆದರೆ ಹರಿಹರಕ್ಕೆ ಇನ್ನೊಂದು ಚರಿತ್ರೆಯೂ ಉಂಟು. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿತು. ಲೇತ್ ಮೊದಲಾದ ಯಂತ್ರಗಳನ್ನು ಮಾಡುವ ಆ ಕಾರ್ಖಾನೆಯಿಂದ ದೇವರ ಹೆಸರಿನ ಊರು ಯಂತ್ರದ ಊರೂ ಆಯಿತು. ಹೊಳೆಯಾಚೆಯ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಬಂದಿತು. ನೇಗಿಲು ಹಿಡಿದಿದ್ದ ಮನೆತನಗಳ ಹುಡುಗರು ಕಾರ್ಖಾನೆಯ ಸೈರನ್ನಿಗೆ ಎದ್ದು ಹೊರಡುವುದನ್ನು ಕಲಿತರು. ಈ ಶತಮಾನದ ಆರಂಭದಲ್ಲಿ ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿಹೋಯಿತು. ಅಲ್ಲಿ ದುಡಿದವರ ಚರಿತ್ರೆ ಎಲ್ಲಿದೆ? ಯಾವ ಕಲ್ಲಿನ ಮೇಲೂ ಇಲ್ಲ. ನೇಮಕದ ಕಾಗದ, ಸಂಬಳದ ಚೀಟಿ, ಸಾಲಾಗಿ ನಿಂತು ತೆಗೆಯಿಸಿಕೊಂಡ ಛಾಯಾಚಿತ್ರ, ಕಾರ್ಮಿಕರು ಆಡಿದ ನಾಟಕದ ಕರಪತ್ರ – ಇವು ಮನೆಯ ಟ್ರಂಕಿನಲ್ಲಿವೆ. ಟ್ರಂಕು ಮಂಚದ ಕೆಳಗಿದೆ.

ನೆರೆಯ ನೀರು ಮೊದಲು ಬರುವುದು ಮಂಚದ ಕೆಳಕ್ಕೇ. ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ ಹರಿಹರಕ್ಕೆ ಬರುತ್ತವೆ. ಲಕ್ಕವಳ್ಳಿಯ ಭದ್ರಾ ಜಲಾಶಯ ದೊಡ್ಡದು, ಬಹಳ ನೀರನ್ನು ತಡೆದುಕೊಳ್ಳುತ್ತದೆ. ಗಾಜನೂರಿನ ತುಂಗಾ ಜಲಾಶಯ ಚಿಕ್ಕದು. ಮಲೆನಾಡಿನಲ್ಲಿ ಜೋರಾಗಿ ಮಳೆ ಹಿಡಿದರೆ ತುಂಗೆಯ ನೀರು ತಡೆಯಿಲ್ಲದೆ ಇಳಿಯುತ್ತದೆ. ಭದ್ರೆಯೂ ತುಂಬಿ ಬಾಗಿಲು ತೆರೆದರಂತೂ ಎರಡೂ ಸೇರಿ ಬರುತ್ತವೆ. 2019ರ ಆಗಸ್ಟಿನಲ್ಲಿ ಹೀಗೆಯೇ ಹೊಳೆ ಉಕ್ಕಿ ಹರಿಹರದ ಗಂಗಾನಗರದಂಥ ತಗ್ಗಿನ ಬಡಾವಣೆಗಳಿಗೆ ನುಗ್ಗಿತು. ಅಂಥ ಹೊತ್ತಿನಲ್ಲಿ ಮಕ್ಕಳನ್ನೂ ಅಕ್ಕಿಯನ್ನೂ ಎತ್ತಿಕೊಂಡು ಓಡುವವರು ಹಳೆಯ ಕಾಗದಗಳನ್ನು ನೆನೆಯುವರೆ?

ನಮ್ಮ ಹೊರಕೆರೆದೇವಪುರದಲ್ಲಿ ಹೊಳೆಯಿಲ್ಲ. ಊರಿನ ಹೆಸರಿನಲ್ಲಿಯೇ ಕೆರೆಯಿದ್ದರೂ ನಮಗೆ ನೆರೆಗಿಂತ ಬರದ ಭಯವೇ ಹೆಚ್ಚು, ಕಾಗದಗಳಿಗೆ ಗೆದ್ದಲಿನ ಭಯ. ಆದರೂ ನೀರಿನಿಂದ ಅಳಿಯುವ ಬರಹವೆಂದರೇನೆಂಬುದು ಈ ಸೀಮೆಯ ಹಿರಿಯರಿಗೆ ಗೊತ್ತಿತ್ತು. ಹುಣಿಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದರಲ್ಲ, ಅದೇ ಕಡತ. ಒದ್ದೆ ಬಟ್ಟೆಯಿಂದ ಒರೆಸಿದರೆ ಅಕ್ಷರ ಹೋಯಿತು. ಅಂಗಡಿಯ ಲೆಕ್ಕಕ್ಕೆ ಅದು ಅನುಕೂಲ. ವಂಶದ ಕಥೆಗೆ ಅಪಾಯ. ಹಾಗಿದ್ದೂ ಚಿತ್ರದುರ್ಗದ ಪಾಳೆಯಗಾರರ ಸಂಗತಿಗಳು ಇಂದು ನಮ್ಮ ಕೈಗೆ ಸಿಕ್ಕುತ್ತವೆಯೆಂದರೆ, ಹುಲ್ಲೂರು ಶ್ರೀನಿವಾಸ ಜೋಯಿಸರಂಥವರು ಹಳೆಯ ದಾಖಲೆಗಳನ್ನು ಹುಡುಕಿ, ಓದಿ, ಅಚ್ಚಿಗೆ ತಂದುದರಿಂದ.

ಕಲ್ಲಿನ ಕಥೆಯೂ ಬೇರೆಯಲ್ಲ. 1865ರಲ್ಲಿ ಮೇಜರ್ ಡಿಕ್ಸನ್ ಎಂಬಾತನು ಚಿತ್ರದುರ್ಗ ಸೀಮೆಯ ಶಾಸನಗಳ ಛಾಯಾಚಿತ್ರ ತೆಗೆದನು. ಮುಂದೆ ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಹನ್ನೊಂದನೆಯ ಸಂಪುಟದಲ್ಲಿ ಈ ಜಿಲ್ಲೆಯ ಶಾಸನಗಳನ್ನೆಲ್ಲ ಸೇರಿಸಿದರು. ಹರಿಹರ ಆಗ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ನಾಳೆ ಆ ಕಲ್ಲು ಒಡೆದುಹೋದರೂ ಪೋಲಾಳ್ವನ ಮಾತು ಎಷ್ಟೋ ಗ್ರಂಥಾಲಯಗಳಲ್ಲಿ ಉಳಿದಿರುತ್ತದೆ. ದಂಡನಾಯಕನಿಗೆ ಇಷ್ಟು ಪ್ರತಿಗಳಿವೆ; ಲೇತ್ ನಡೆಸಿದವನಿಗೆ ಒಂದೇ ಪ್ರತಿ, ಅದೂ ಮಂಚದ ಕೆಳಗೆ. ಇದು ನ್ಯಾಯವೆಂದು ನನಗೆ ತೋರುವುದಿಲ್ಲ.

ನೀವು ಮಾಡಬಹುದಾದುದು ಕಷ್ಟದ ಕೆಲಸವಲ್ಲ. ಮೊದಲು ಟ್ರಂಕನ್ನು ಅಟ್ಟಕ್ಕೇರಿಸಿ. ಛಾಯಾಚಿತ್ರದ ಹಿಂಬದಿಯಲ್ಲಿ ಮೆತ್ತನೆಯ ಸೀಸದಕಡ್ಡಿಯಿಂದ, ಒತ್ತದೆ, ಅದರಲ್ಲಿರುವವರ ಹೆಸರು, ಊರು, ಇಸವಿ ಬರೆಯಿರಿ. ಶಾಯಿ ನೀರಿಗೆ ಕದಡುತ್ತದೆ, ಸೀಸದಕಡ್ಡಿಯ ಗೆರೆ ಕದಡದು. ಹೆಸರಿಲ್ಲದ ಚಿತ್ರವು ಮೊಮ್ಮಕ್ಕಳ ಕಾಲಕ್ಕೆ ಯಾರದೋ ಮುಖ. ಮೊಬೈಲಿನಲ್ಲಿ ಪ್ರತಿ ತೆಗೆದು, ಬೇರೆ ಊರಿನ ಎತ್ತರದ ಮನೆಯಲ್ಲಿರುವ ನೆಂಟರಿಗೊಂದು, ಊರಿನ ಶಾಲೆಗೋ ಗ್ರಂಥಾಲಯಕ್ಕೋ ಒಂದು ಕೊಡಿ. ಹಳೆಯ ಕಾಗದವನ್ನು ಲ್ಯಾಮಿನೇಷನ್ ಮಾಡಿಸುವ ಹುಚ್ಚು ಈಗ ಎಲ್ಲೆಲ್ಲೂ ಇದೆ, ಬೇಡ. ಬಿಸಿಗೆ ಅಂಟಿದ ಆ ಹಾಳೆಯನ್ನು ಮತ್ತೆ ಬಿಡಿಸುವುದು ಬಹು ಕಷ್ಟ.

ನೀರು ಹೊಕ್ಕೇಬಿಟ್ಟಿತೆನ್ನಿ. ಒದ್ದೆಯಾದ ಕಾಗದವನ್ನು ಬಿಸಿಲಿಗೆ ಹಾಕಬಾರದು, ಮುದುರಿ ಮಾಸುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಕಡೆ, ನಡುನಡುವೆ ಅಚ್ಚಿಲ್ಲದ ಬಿಳಿ ಹಾಳೆಗಳನ್ನಿಟ್ಟು ಬದಲಾಯಿಸುತ್ತ ಒಣಗಿಸಬೇಕು. ಒಂದಕ್ಕೊಂದು ಅಂಟಿದ ಛಾಯಾಚಿತ್ರಗಳನ್ನು ಒಣಗುವ ಮೊದಲೇ ಶುದ್ಧ ತಣ್ಣೀರಿನಲ್ಲಿ ಬಿಟ್ಟು ಮೆಲ್ಲನೆ ಬಿಡಿಸಿ. ಒಣಗಿದ ಮೇಲೆ ಎಳೆದರೆ ಮುಖವೇ ಕಿತ್ತುಬರುತ್ತದೆ. ಎರಡು ದಿನ ಸುಮ್ಮನಿದ್ದರೆ ಬೂಷ್ಟು ಹಿಡಿಯುವುದುಂಟು.

ಕಾಗದವೇ ಇಲ್ಲದ ಮನೆಯಲ್ಲಿ ಮಾತು ಇರುತ್ತದೆ. ಮೂವತ್ತು ವರ್ಷ ಅಚ್ಚೆರಕದ ಕುಲುಮೆಯ ಮುಂದೆ ನಿಂತ ಹಿರಿಯರು ನಿಮ್ಮ ಬೀದಿಯಲ್ಲಿದ್ದರೆ, ಒಂದು ಸಂಜೆ ರೇಡಿಯೋವನ್ನು ಆರಿಸಿ ಅವರ ಬಳಿ ಕುಳಿತುಕೊಳ್ಳಿ. (ಈ ಪತ್ರಿಕೆಯಲ್ಲಿ ಹೀಗೆ ಬರೆದುದಕ್ಕೆ ಸಂಪಾದಕರು ಕ್ಷಮಿಸಬೇಕು.) “ನಿಮ್ಮ ಜೀವನದ ಬಗ್ಗೆ ಹೇಳಿ” ಎಂದರೆ ಯಾರಿಗೂ ಬಾಯಿ ಬರುವುದಿಲ್ಲ. “ಮೊದಲ ಸಂಬಳ ಎಷ್ಟು ಬಂದಿತ್ತು ತಾತಾ? ಏನು ಕೊಂಡಿರಿ?” ಎಂದು ಕೇಳಿ. ಹೇಳಿದುದನ್ನು ಧ್ವನಿಮುದ್ರಿಸಿಕೊಂಡು ಅವರ ಒಪ್ಪಿಗೆ ಪಡೆದು ಶಾಲೆಯ ಮಕ್ಕಳಿಗೆ ಕೇಳಿಸಿ. ಆಮೇಲೆ ಅವರನ್ನು ಹೊರಗೆ ಕರೆತಂದು, ನೀರು ಎಲ್ಲಿಯವರೆಗೆ ಏರಿತ್ತೆಂದು ಗೋಡೆಯ ಮೇಲೆ ತೋರಿಸಲು ಹೇಳಿ, ಅಲ್ಲಿ ಬಣ್ಣದಲ್ಲಿ ಒಂದು ಗೆರೆ ಎಳೆದು ಇಸವಿ ಬರೆಯಿಸಿ.