ಮರುಮದುವೆಯಿಂದ ನೆಮ್ಮದಿ ಸಿಗುತ್ತದೆಯೇ?

ಪ್ರಶ್ನೆ: ವಿಚ್ಛೇದನವಾಗಿ ವರ್ಷ ಕಳೆದಿದೆ. ಮತ್ತೆ ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಅಂತ ಮನೆಯಲ್ಲಿ ಒತ್ತಾಯ. ನಿಜವೇ?
— ಓದುಗರೊಬ್ಬರು, ಬಸವನಗುಡಿ

ಉತ್ತರ: ಮದುವೆಯೊಂದೇ ಇದಕ್ಕೆ ಮದ್ದಲ್ಲ. ಜರ್ಮನಿಯಲ್ಲಿ 1984ರಿಂದ ಪ್ರತಿವರ್ಷ ಅವೇ ಕುಟುಂಬಗಳನ್ನು ಮಾತಾಡಿಸುತ್ತ ಬಂದಿರುವ ಸಮೀಕ್ಷೆಯಲ್ಲಿ ಕಂಡದ್ದು: ನೆಮ್ಮದಿ ಕುಸಿಯುವುದು ವಿಚ್ಛೇದನಕ್ಕೆ ಮುಂಚೆಯೇ, ಆಮೇಲೆ ಅದು ನಿಧಾನವಾಗಿ ಚೇತರಿಸಿಕೊಳ್ಳುತ್ತದೆ. ಆ ಕಾಲವನ್ನು ನೆಂಟರ ಅವಸರ ಕಡಿಮೆ ಮಾಡಲಾರದು. ಗಾಂಧಿಬಜಾರಿನಲ್ಲಿ ಎದುರಾದವರೆಲ್ಲ ಕೇಳುತ್ತಾರೆಂದು ಜಾತಕ ಕೊಡಬೇಡಿ. ಒಂಟಿಯಾಗಿರಲಾರೆ ಎಂಬ ಭಯ ಬೇರೆ, ಇವರೊಡನೆ ಬಾಳಬೇಕೆಂಬ ಆಸೆ ಬೇರೆ. ಆಸೆಯಿದ್ದರೆ ಧೈರ್ಯವಾಗಿ ಮುಂದುವರಿಯಿರಿ. ಮೇಲ್ಮನವಿಯ ಅವಧಿ ಮುಗಿದಿದ್ದು, ಯಾರೂ ಮೇಲ್ಮನವಿ ಹಾಕಿರದಿದ್ದರೆ 1955ರ ಹಿಂದೂ ವಿವಾಹ ಕಾಯ್ದೆಯ 15ನೇ ಕಲಂ ಮರುಮದುವೆಗೆ ಅವಕಾಶ ಕೊಡುತ್ತದೆ. ಮನಸ್ಸು ಇನ್ನೂ ಭಾರವಾಗಿದ್ದರೆ, ಬಿಟಿಎಂ ಬಡಾವಣೆಯಲ್ಲಿರುವ ನಿಮ್ಹಾನ್ಸ್‌ನ ವೆಲ್‌ಬೀಯಿಂಗ್ ಸೆಂಟರಿಗೆ ಮೊದಲು ಹೋಗಿ ಬನ್ನಿ. ಅಲ್ಲಿ ಆಪ್ತಸಮಾಲೋಚನೆ ಸಿಗುತ್ತದೆ.